ಉಪ್ಪು ತಿಂದ ರೀಲ್: ಒಂದು ಗಾಳದ ಚಾನೆಲ್, ಒಂದು ಕಂಪನಿ, 40 ಸೆಕೆಂಡಿನ ತುಣುಕು

ಆ 40 ಸೆಕೆಂಡಿನ ತುಣುಕು ಇನ್ನೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ. ಅಳಿವೆಯ ಬಾಯಿ, ಅಲೆ ತಡೆಯಲು ಪೇರಿಸಿದ ಕಪ್ಪು ಕಲ್ಲುಗಳು, ಸಂಜೆಯ ಬೆಳಕು. ಹುಡುಗ ಗಾಳ ಎಸೆದಿದ್ದಾನೆ. ಮೀನು ಕಚ್ಚುತ್ತದೆ, ರಾಡ್ ಬಾಗುತ್ತದೆ, ಅವನು ಹಿಂದಕ್ಕೆ ಎಳೆದು ಹಿಡಿಕೆ ತಿರುಗಿಸಲು ಹೋಗುತ್ತಾನೆ. ಅಷ್ಟರಲ್ಲಿ ಹಿಡಿಕೆ ಉಲ್ಟಾ ತಿರುಗಲು ಶುರು. ಗಿರ್ರನೆ ತಿರುಗಿ ಅವನ ಬೆರಳ ಗೆಣ್ಣಿಗೆ ಹೊಡೆಯುತ್ತದೆ. ದಾರ ಸಡಿಲ. ಮೀನು ಹೋಯಿತು. "ಎಂತ ಮಾರಾಯ ಇದು!" ಅಂತ ಬೆರಳು ಬಾಯಿಗಿಟ್ಟುಕೊಂಡು ಕ್ಯಾಮೆರಾ ಕಡೆ ನೋಡುತ್ತಾನೆ. ಅಲ್ಲಿಗೆ ಮುಗಿಯಿತು.

ಇದನ್ನು ವಿಡಿಯೊದಿಂದ ಕತ್ತರಿಸಿ ತೆಗೆದವನು ನಾನೇ. ಆಗ ಆ ಹುಡುಗನ ಯೂಟ್ಯೂಬ್ ಚಾನೆಲ್‌ಗೆ ಎಡಿಟಿಂಗ್ ಮಾಡಿಕೊಡುತ್ತಿದ್ದೆ. ಹಾಗಾಗಿ ಇದನ್ನು ಹೊರಗಿನವನ ಹಾಗೆ ಬರೆಯಲು ನನಗೆ ಆಗುವುದಿಲ್ಲ. ಹುಡುಗನ ಹೆಸರು, ಊರು, ಕಂಪನಿಯ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದು ಅಂತ ದಿನಗಳನ್ನೂ ಮೊತ್ತಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ. ಕಂಪನಿಯ ಮೇಲೆ ಸೇಡು ತೀರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಚಾನೆಲ್ ಇಟ್ಟುಕೊಂಡು ಮೊದಲ ಸಲ ಸ್ಪಾನ್ಸರ್ ಒಪ್ಪಂದಕ್ಕೆ ಸಹಿ ಹಾಕುವ ಹುಡುಗರು ಓದಲಿ ಅಂತ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಇಲ್ಲಿ ರೀಲ್ ಅಂದ್ರೆ ದಾರ ಸುತ್ತುವ ರೀಲ್, ಇನ್‌ಸ್ಟಾಗ್ರಾಂ ರೀಲ್ ಅಲ್ಲ. "ರೀಲ್ ಬಿಡೋದು" ಅಂತ ಮೂರನೇ ಅರ್ಥವೂ ಇದೆ, ಅದನ್ನು ಆಮೇಲೆ ಜನರೇ ನಮಗೆ ನೆನಪಿಸಿದರು.

ಹಿನ್ನೆಲೆ

ಹುಡುಗ ಬಂದರಿನ ಹತ್ತಿರದ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. 2020ರ ಲಾಕ್‌ಡೌನಿನಲ್ಲಿ ಕೆಲಸ ಇಲ್ಲದೆ ಕೂತಾಗ ಗಾಳ ಹಾಕುವುದನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ. ಕನ್ನಡ, ಮಧ್ಯೆ ಮಧ್ಯೆ ತುಳು. ಅವನ ಚಾನೆಲ್ ಬೆಳೆದದ್ದು ದೊಡ್ಡ ಮೀನಿನಿಂದ ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. "ಇವತ್ತೂ ಖಾಲಿ ಕೈ" ಅಂತ ಹಾಕಿದ ವಿಡಿಯೊಗಳಿಗೇ ಕಮೆಂಟ್ ಜಾಸ್ತಿ ಬರುತ್ತಿತ್ತು. ಮೂರು ಗಂಟೆ ಬಿಸಿಲಲ್ಲಿ ನಿಂತು, ಒಂದು ಸಣ್ಣ ಕಾಣೆ ಮೀನು ಸಿಕ್ಕಿ, ಅದನ್ನೂ ವಾಪಸ್ ಬಿಟ್ಟು, "ಎರೆಯ ಸಿಗಡಿಗೆ ಕೊಟ್ಟ ದುಡ್ಡೂ ಹುಟ್ಟಲಿಲ್ಲ" ಅಂತ ನಗುತ್ತಿದ್ದ. ನೋಡುವವನಿಗೆ ಇದು ನಮ್ಮದೇ ಕಥೆ ಅನ್ನಿಸುತ್ತಿತ್ತು. ಎರಡು ವರ್ಷದಲ್ಲಿ 40 ಸಾವಿರದ ಹತ್ತಿರ ಚಂದಾದಾರರಾದರು. ಜಾಹೀರಾತಿನ ಹಣಕ್ಕೆ ಬೇಕಿದ್ದ ಸಾವಿರ ಚಂದಾದಾರರು, 4,000 ಗಂಟೆ ವೀಕ್ಷಣೆ ಯಾವತ್ತೋ ದಾಟಿತ್ತು. ಆದರೆ ತಿಂಗಳಿಗೆ ಬರುತ್ತಿದ್ದದ್ದು ಪೆಟ್ರೋಲಿಗೂ ಸಿಗಡಿಗೂ ಸರಿಹೋಗುವಷ್ಟು, ಅಷ್ಟೇ.

ಗಾಳದ ಸಾಮಾನು ಮಾರುವ ಕಂಪನಿಗಳಿಗೆ ಇಂಥ ಸಣ್ಣ ಚಾನೆಲ್ ಯಾಕೆ ಬೇಕು? ನಮ್ಮಲ್ಲಿ ರಾಡು, ರೀಲು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅಂಗಡಿಗಳು ಕಡಿಮೆ. ಜನ ವಿಡಿಯೊ ನೋಡಿ, ಆನ್‌ಲೈನಿನಲ್ಲಿ ತರಿಸುತ್ತಾರೆ. ಅಮೆರಿಕದಲ್ಲಿ ಇದು ಹಳೆಯ ದಂಧೆ. ರೇ ಸ್ಕಾಟ್ ಎಂಬಾತ 1967ರಲ್ಲಿ ಬಾಸ್ ಮೀನು ಹಿಡಿಯುವ ಸ್ಪರ್ಧೆ ಶುರು ಮಾಡಿದ ಮೇಲೆ ಗಾಳ ಹಾಕುವವರ ಅಂಗಿ ಮೇಲೆ ಕಂಪನಿಗಳ ಬಿಲ್ಲೆ ಹತ್ತಿದವು. ಅಲ್ಲಿ "ಪ್ರೋ ಸ್ಟಾಫ್" ಅಂತ ಒಂದು ಪದ್ಧತಿ ಇದೆ. ಹೆಸರು ಕೇಳಿದರೆ ಸಂಬಳದ ಕೆಲಸ ಅನ್ನಿಸುತ್ತದೆ. ಹೆಚ್ಚಿನವರಿಗೆ ಸಿಗುವುದು ಮಾತ್ರ ಸಾಮಾನಿನ ಮೇಲೆ ರಿಯಾಯಿತಿ. ಅದಕ್ಕೆ ಬದಲಾಗಿ ಕಂಪನಿಯ ಸಾಮಾನನ್ನು ಎಲ್ಲರಿಗೂ ತೋರಿಸಬೇಕು. ನಮ್ಮ ಕಡೆ ಇದೆಲ್ಲ ವಾಟ್ಸಾಪಿನಲ್ಲಿ ಒಂದು "ಹಾಯ್ ಬ್ರೋ" ಇಂದ ಶುರುವಾಗುತ್ತದೆ.

ಮೊದಲ "ಹಾಯ್ ಬ್ರೋ" ಒಳ್ಳೆಯದೇ ಇತ್ತು. ಒಬ್ಬರು ಆರು ಲೂರ್, ಅಂದ್ರೆ ಕೊಕ್ಕೆ ಇರುವ ಕೃತಕ ಎರೆ, ಕಳಿಸಿದರು, ದುಡ್ಡಿಲ್ಲ, ಷರತ್ತಿಲ್ಲ. ಹುಡುಗ ವಿಡಿಯೊದಲ್ಲಿ "ಇದು ಅವರು ಸುಮ್ನೆ ಕೊಟ್ಟದ್ದು, ನಾನು ದುಡ್ಡು ಕೊಟ್ಟಿಲ್ಲ" ಅಂದ. ಒಂದು ಕೆಂಬೇರಿ ಮೀನು ಹಿಡಿದ. ಎರಡು ಲೂರಿನ ಕೊಕ್ಕೆ ನೆಟ್ಟಗಾಗಿಬಿಟ್ಟಿತ್ತು, ಅದನ್ನೂ ಕ್ಯಾಮೆರಾಗೆ ಹತ್ತಿರ ಹಿಡಿದು ತೋರಿಸಿದ. ಕಳಿಸಿದವರು ಬೇಜಾರು ಮಾಡಿಕೊಳ್ಳಲಿಲ್ಲ. ಮುಂದಿನ ಸಲ ದಪ್ಪ ಕೊಕ್ಕೆ ಹಾಕಿ ಕಳಿಸಿದರು. ಎಲ್ಲ ಕಡೆಯೂ ಹೀಗೇ ಇರುತ್ತದೆ ಅಂದುಕೊಂಡೆವು, ಅದು ನಮ್ಮ ದಡ್ಡತನ.

ದೊಡ್ಡ ಒಪ್ಪಂದ

2023ರ ಬೇಸಿಗೆಯಲ್ಲಿ ಇನ್ನೊಂದು ಕಂಪನಿ ಬಂತು. ಹೊರದೇಶದ ಕಾರ್ಖಾನೆಯಲ್ಲಿ ಸಗಟು ಮಾಡಿಸಿ ತನ್ನ ಹೆಸರು ಅಚ್ಚು ಹಾಕಿಸಿ ಮಾರುವ ಕಂಪನಿ. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಸಾಮಾನು ಹಾಗೆಯೇ ಬರುತ್ತದೆ. ಹೊಸ ರೀಲ್, ಬೆಲೆ 2,800 ರೂಪಾಯಿ. ಮೂರು ವಿಡಿಯೊ, ಮೂರು ಕಂತಿನಲ್ಲಿ ಹಣ, ಜೊತೆಗೆ ಒಂದಿಷ್ಟು ರಾಡು-ರೀಲು. ಅವನ ಹೆಸರಲ್ಲೇ ಒಂದು ಕೂಪನ್ ಕೋಡ್. ಕೋಡ್ ಹಾಕಿ ಯಾರು ಕೊಂಡರೂ ಅವನಿಗೆ ನೂರಕ್ಕೆ 5.

ಒಪ್ಪಂದ ಇಂಗ್ಲಿಷಿನಲ್ಲಿ ನಾಲ್ಕು ಪುಟ. ಅವನು ಐಸ್ ಪ್ಲಾಂಟಿನ ಊಟದ ಬಿಡುವಿನಲ್ಲಿ ಫೋನಿನಲ್ಲೇ ಓದಿದ. ನಾನೂ ಓದಿದೆ. ಇಬ್ಬರೂ ಓದಿದ್ದು ದುಡ್ಡಿನ ಸಾಲುಗಳನ್ನು. ಉಳಿದ ಸಾಲುಗಳಲ್ಲಿ ಹೀಗಿತ್ತು: ರೀಲ್ ಕೈಸೇರಿದ 15 ದಿನದೊಳಗೆ ಮೊದಲ ವಿಡಿಯೊ ಬರಬೇಕು. ಹಾಕುವ ಮೊದಲು ಕಂಪನಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಆರು ತಿಂಗಳು ಬೇರೆ ಕಂಪನಿಯ ರೀಲ್ ಪರದೆಯಲ್ಲಿ ಕಾಣಬಾರದು. ಕಂಪನಿಗೆ ಕೆಟ್ಟ ಹೆಸರು ಬರುವ ಮಾತು ಆಡಬಾರದು. ರೀಲ್ ಕೆಟ್ಟರೆ ಏನು ಮಾಡಬೇಕು ಅನ್ನುವುದು ಮಾತ್ರ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ.

ಈಗ ಹಿಂದಿರುಗಿ ನೋಡಿದರೆ ಆ 15 ದಿನದ ಸಾಲೇ ಎಲ್ಲಕ್ಕಿಂತ ದೊಡ್ಡ ಎಡವಟ್ಟು. ಉಪ್ಪು ನೀರು 15 ದಿನದಲ್ಲಿ ತನ್ನ ಕೆಲಸ ಮುಗಿಸುವುದಿಲ್ಲ. ದಾರ ಹಾದುಹೋಗುವ ಸಣ್ಣ ಉರುಳೆಯ ಬೇರಿಂಗ್ ಗಟ್ಟಿಯಾಗಲು, ದಾರವನ್ನು ರೀಲಿಗೆ ಸುತ್ತಿಸುವ ಬಾಗಿದ ಬೇಲ್ ಕಂಬಿಯ ಸ್ಪ್ರಿಂಗ್ ತುಕ್ಕು ಹಿಡಿಯಲು, ಸ್ಕ್ರೂ ಬುಡದಲ್ಲಿ ಬಿಳಿ ಪುಡಿ ಕಟ್ಟಲು ತಿಂಗಳುಗಳು ಬೇಕು. ಬಟ್ಟೆ ಒಗೆಯುವ ಸೋಪನ್ನು 15 ದಿನದಲ್ಲಿ ನೋಡಿ ಹೇಳಬಹುದು, ಸಮುದ್ರದ ರೀಲನ್ನು ಆಗುವುದಿಲ್ಲ. ಇದು ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಸಹಿ ಹಾಕಿದ, ಯಾಕೆಂದರೆ ಮೊದಲ ಕಂತು ಅವನ ಎರಡು ತಿಂಗಳ ಸಂಬಳದಷ್ಟಿತ್ತು. ಅದನ್ನು ಕೇಳಿ ತಪ್ಪು ಹಿಡಿಯುವವರು ಹಿಡಿಯಲಿ, ನನಗೆ ಬಾಯಿ ಬರುವುದಿಲ್ಲ.

ಹನ್ನೆರಡನೇ ದಿನ

ಮೊದಲ ಐದು ಸಲ ರೀಲ್ ಚೆನ್ನಾಗಿಯೇ ಓಡಿತು. ಆರನೇ ಸಲ, ಹನ್ನೆರಡನೇ ದಿನ, ಮೇಲೆ ಹೇಳಿದ್ದು ನಡೆಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ರೀಲಿನ ಹಿಡಿಕೆ ಒಂದೇ ಕಡೆ ತಿರುಗಬೇಕು. ಹಿಂದಕ್ಕೆ ತಿರುಗದ ಹಾಗೆ ಒಳಗೆ ಒಂದು ಕ್ಲಚ್ ಇರುತ್ತದೆ, ಸಣ್ಣ ಸಣ್ಣ ಉರುಳೆಗಳ ಒಂದು ಉಂಗುರ. ಮುಂದಕ್ಕೆ ತಿರುಗಿಸಿದರೆ ಉರುಳೆಗಳು ಜಾರುತ್ತವೆ, ಹಿಂದಕ್ಕೆ ಹೋದರೆ ಕಚ್ಚಿ ಹಿಡಿಯುತ್ತವೆ. ಇದಕ್ಕೆ "ಆ್ಯಂಟಿ ರಿವರ್ಸ್" ಅನ್ನುತ್ತಾರೆ. ಆ ಉರುಳೆಗಳ ಮೇಲೆ ಗ್ರೀಸ್ ಜಾಸ್ತಿ ಆದರೂ, ನೀರು ನುಗ್ಗಿದರೂ ಹಿಡಿತ ತಪ್ಪುತ್ತದೆ. ಮೀನು ಎಳೆಯುವಾಗ ಹಿಡಿತ ತಪ್ಪಿದರೆ ಬೆರಳಿಗೆ ಏಟು, ಮೀನಿಗೆ ಬಿಡುಗಡೆ.

ಅದೇ ರಾತ್ರಿ ಕಂಪನಿಗೆ ಮೆಸೇಜ್ ಮಾಡಿದೆವು, ತುಣುಕನ್ನೂ ಕಳಿಸಿದೆವು. ಉತ್ತರ ಹತ್ತೇ ನಿಮಿಷಕ್ಕೆ ಬಂತು. "ಅದೊಂದು ಪೀಸ್ ಪ್ರಾಬ್ಲಮ್ ಬ್ರೋ. ಬೇರೆ ಕಳಿಸ್ತೀವಿ. ಆದರೆ ಆಫರ್ ಡೇಟ್ ಫಿಕ್ಸ್ ಆಗಿದೆ, ವಿಡಿಯೊ ಲೇಟ್ ಆಗಬಾರದು." ಬೇರೆ ರೀಲ್ ಹದಿನಾಲ್ಕನೇ ದಿನ ಬಂತು. ಅವನು ಅದನ್ನು ಮನೆಯ ಅಂಗಳದಲ್ಲಿ ನಾಲ್ಕು ಸಲ ಎಸೆದು ನೋಡಿದ, ತೆಂಗಿನ ಮರದ ಕಡೆಗೆ. ಹದಿನೈದನೇ ದಿನ ವಿಡಿಯೊ ಹೋಯಿತು.

ಎಡಿಟ್ ಮಾಡುವಾಗ ನಾನು ಕೇಳಿದೆ, "ಆ ಉಲ್ಟಾ ತಿರುಗಿದ್ದು ಇಡುವುದಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಒಂದು ಪೀಸಿನದ್ದಲ್ವಾ. ಬೇರೆ ಕೊಟ್ಟಿದ್ದಾರೆ. ತೆಗಿ."

ತೆಗೆದೆ. ನಾನು ಆಗ "ಬೇಡ ಮಾರಾಯ" ಅಂದಿದ್ದರೆ ಅವನು ಕೇಳುತ್ತಿದ್ದನೋ ಏನೋ. ಅನ್ನಲಿಲ್ಲ.

ದುಡ್ಡು ಪಡೆದದ್ದನ್ನು ಹುಡುಗ ಮುಚ್ಚಿಟ್ಟಿರಲಿಲ್ಲ. ಯೂಟ್ಯೂಬಿನಲ್ಲಿ "ಪೇಯ್ಡ್ ಪ್ರಮೋಷನ್" ಅನ್ನುವ ಪೆಟ್ಟಿಗೆಗೆ ಟಿಕ್ ಹಾಕಿದ್ದ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿತ್ತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ, ದುಡ್ಡು ಪಡೆದಿದ್ದರೆ, ಬಿಟ್ಟಿ ಸಾಮಾನು ಪಡೆದಿದ್ದರೆ ಅದು ಎದ್ದು ಕಾಣುವ ಹಾಗೆ ಹೇಳಬೇಕು ಅಂತ ಸೂಚನೆ ಕೊಟ್ಟಿತ್ತು. ಟಿಕ್ ಹಾಕಿದ ಮೇಲೆ ನಮ್ಮ ಮನಸ್ಸಿಗೂ ಸಮಾಧಾನ ಆಗಿತ್ತು, ಹೇಳಬೇಕಾದ್ದು ಹೇಳಿದ್ದೇವೆ ಅಂತ. ಆದರೆ 2022ರ ಜೂನಿನ ಕೇಂದ್ರ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತೂ ಇದೆ: ಹೊಗಳುವವನ ಮಾತು ಅವನ ನಿಜವಾದ ಅಭಿಪ್ರಾಯ ಆಗಿರಬೇಕು, ಆ ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಇರಬೇಕು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಅಂಗಳದಲ್ಲಿ ತೆಂಗಿನ ಮರದ ಕಡೆ ನಾಲ್ಕು ಸಲ ಎಸೆದದ್ದನ್ನು ಯಾವ ಬಾಯಲ್ಲಿ ಅನುಭವ ಅನ್ನುವುದು?

ಇನ್ನೂ ಒಂದಿತ್ತು. "ಗರಿಷ್ಠ ಡ್ರ್ಯಾಗ್ 12 ಕಿಲೋ" ಅಂತ ಪೆಟ್ಟಿಗೆ ಮೇಲೆ ಇದ್ದದ್ದನ್ನು ಅವನು ಹಾಗೇ ಹೇಳಿದ್ದ. ಡ್ರ್ಯಾಗ್ ಅಂದ್ರೆ ರೀಲಿನ ಬ್ರೇಕು, ಮೀನು ಅದಕ್ಕಿಂತ ಜೋರಾಗಿ ಎಳೆದರೆ ದಾರ ಜಾರುತ್ತದೆ. ಆಮೇಲೆ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಕಟ್ಟಿ ಎಳೆದು ನೋಡಿದರೆ ಐದು ಕಿಲೋ ದಾಟುವ ಮೊದಲೇ ಜಾರುತ್ತಿತ್ತು. ತಮಾಷೆ ಅಂದ್ರೆ 12 ಕಿಲೋ ಯಾರಿಗೂ ಬೇಡ. 20 ಪೌಂಡಿನ ದಾರ ಅಂದರೆ ಸುಮಾರು 9 ಕಿಲೋ ತಡೆಯುವ ದಾರ, ಅದಕ್ಕೆ ಡ್ರ್ಯಾಗ್ ಇಡುವುದು ಅದರ ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲಿ ಒಂದು ಭಾಗ. ಬೇಡದ ಸಂಖ್ಯೆಗೋಸ್ಕರ ಸುಳ್ಳು ಹೇಳಿದ ಹಾಗಾಯಿತು.

ಮಳೆ ಮುಗಿದ ಮೇಲೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ರೇಟು ಏರುತ್ತದೆ, ದಡದಲ್ಲಿ ಗಾಳ ಹಾಕುವವರೂ ಜಾಸ್ತಿಯಾಗುತ್ತಾರೆ. ರೀಲ್ ಚೆನ್ನಾಗಿ ಮಾರಿತು. ಕೋಡ್ ಹಾಕಿ ಕೊಂಡವರು 212 ಮಂದಿ.

ಸೆಪ್ಟೆಂಬರಿನಲ್ಲಿ ಕಮೆಂಟ್ ಬರಲು ಶುರು. "ಹ್ಯಾಂಡಲ್ ಹಿಂದೆ ತಿರುಗ್ತಾ ಉಂಟು." "ನಂದೂ." "ಮೂರು ತಿಂಗಳಿಗೆ ಸತ್ತುಹೋಯ್ತು." ಒಬ್ಬ ಕಾಲೇಜು ಹುಡುಗ ವಿಡಿಯೊ ಮಾಡಿ ಕಳಿಸಿದ. ನಮ್ಮ 40 ಸೆಕೆಂಡಿನ ತುಣುಕಿನ ತದ್ರೂಪು, ಬೇರೆ ಕಲ್ಲು, ಬೇರೆ ಬೆರಳು. ಕೆಳಗೆ ಬರೆದಿದ್ದ: "ಅಣ್ಣ, ನಾನು ಎಂತಾದ್ರೂ ತಪ್ಪು ಮಾಡಿದ್ನಾ? ನಿಮ್ಮದು ಸರಿ ಉಂಟಲ್ಲ." ಬೈದವರ ಮೆಸೇಜು ಹುಡುಗನಿಗೆ ಅಷ್ಟು ತಾಗಲಿಲ್ಲ, ಇದು ತಾಗಿತು. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ ಅವನಿಗೆ.

ಆಮೇಲೆ ನಾವು ಮಾಡಿದ್ದೆಲ್ಲ ಒಂದರ ಮೇಲೊಂದು ಎಡವಟ್ಟು. ಕಂಪನಿಯವರು ಕಮೆಂಟ್ ಮರೆಮಾಡಿ ಅಂದರು, ಒಂದಿಷ್ಟು ಮರೆಮಾಡಿದೆವು. ಗಾಳದವರ ವಾಟ್ಸಾಪ್ ಗುಂಪಿನಲ್ಲಿ ಮರುದಿನವೇ ಸ್ಕ್ರೀನ್‌ಶಾಟ್ ಓಡಾಡಿದವು. "ರೀಲ್ ಮಾರಿದ, ರೀಲ್ ಬಿಟ್ಟ" ಅನ್ನುವ ಮಾತು ಹುಟ್ಟಿದ್ದು ಅಲ್ಲೇ. ಆಮೇಲೆ "ರೀಲ್ ತೊಳೆಯುವುದು ಹೇಗೆ" ಅಂತ ಒಂದು ವಿಡಿಯೊ ಹಾಕಿದೆವು. ಅದರಲ್ಲಿ ಹೇಳಿದ್ದೆಲ್ಲ ನಿಜ. ಜೋರು ನಲ್ಲಿ ನೀರು ಬಿಟ್ಟರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ, ಡ್ರ್ಯಾಗ್ ಬಿಗಿ ಮಾಡಿ ಮೆಲ್ಲಗೆ ನೀರು ಚಿಮುಕಿಸಿ ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು. ಆದರೆ ಆ ಹೊತ್ತಿನಲ್ಲಿ ಅದನ್ನು ಹಾಕಿದ್ದರ ಅರ್ಥ ಒಂದೇ: ತಪ್ಪು ನಿಮ್ಮದು. ಜನ ಅದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡರು. "ಅನ್ನದ ಪಾತ್ರೆ ತೊಳೆಯುವುದೂ ಹೇಳಿಕೊಡಿ ಮಾರ್ರೆ" ಅಂತ ಒಬ್ಬರು ಬರೆದರು, ಅದಕ್ಕೆ ವಿಡಿಯೊಗಿಂತ ಜಾಸ್ತಿ ಲೈಕ್.

ಪೇಪರ್ ಮೇಲೆ ಆರು ರೀಲ್

ದಾರಿ ಬದಲಾದದ್ದು ಬಲೆ, ಗಾಳ ಮಾರುವ ಒಂದು ಹಳೆಯ ಅಂಗಡಿಯಲ್ಲಿ. ಅಲ್ಲಿಯ ಅಣ್ಣ ಮೂವತ್ತು ವರ್ಷದಿಂದ ರೀಲ್ ಬಿಚ್ಚಿ ರಿಪೇರಿ ಮಾಡುತ್ತಿರುವವರು. ಕೆಟ್ಟ ಆರು ರೀಲ್ ತರಿಸಿಕೊಂಡು ಹೋದೆವು. ಅವರು ಹುಡುಗನನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಪೆಟ್ಟಿಗೆ ಮೇಲೆ ಬರೆದದ್ದು ಓದಿದ್ದಲ್ವಾ ನೀನು? ಬಿಚ್ಚಿ ನೋಡಿದ್ಯಾ?"

"ಇಲ್ಲಣ್ಣ."

ಹಳೆಯ ಪೇಪರ್ ಹಾಸಿ ಒಂದೊಂದಾಗಿ ಬಿಚ್ಚಿದರು. ಮುಂದಿನ ನಟ್ಟು ತೆಗೆದು, ಬೇಲ್ ಇರುವ ಭಾಗ ಎತ್ತಿ, ಕಪ್ಪು ಮುಚ್ಚಳದ ಮೂರು ಸ್ಕ್ರೂ ಬಿಚ್ಚಿದರೆ ಒಳಗೆ ಕ್ಲಚ್. ಅದರ ತುಂಬ ಹಳದಿ ಗ್ರೀಸು, ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ. ಬೆಂಕಿಕಡ್ಡಿಯಲ್ಲಿ ಕೆರೆದು ತೋರಿಸಿದರು. "ಇಲ್ಲಿ ಗ್ರೀಸ್ ಹಾಕಲೇಬಾರದು, ಎಣ್ಣೆ ಒಂದು ತೊಟ್ಟು ಸಾಕು." ನಡುವಿನ ಕಂಬಿ ಹಾದುಹೋಗುವ ಕಡೆ ನೀರು ತಡೆಯಲು ರಬ್ಬರ್ ಉಂಗುರ ಇರಲಿಲ್ಲ. ಗ್ರೀಸಿನ ಅಂಚಿನಲ್ಲಿ ಉಪ್ಪು ಬೆಳ್ಳಗೆ ಕೂತಿತ್ತು. ಆರರಲ್ಲಿ ನಾಲ್ಕು ಹೀಗೇ. ಉಳಿದ ಎರಡರಲ್ಲಿ ಒಂದು ನಿಜವಾಗಿಯೂ ನೀರಲ್ಲಿ ಮುಳುಗಿಸಿದ್ದು, ಇನ್ನೊಂದರ ಕಥೆ ಅಣ್ಣನಿಗೂ ಗೊತ್ತಾಗಲಿಲ್ಲ.

"ಪೀಸ್ ಪ್ರಾಬ್ಲಮ್" ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಆರು ರೀಲಿನಿಂದ ಇಡೀ ಮಾಲಿನ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ, ಅದು ನಮಗೂ ಗೊತ್ತು. ಆದರೆ ಕಣ್ಣಿಗೆ ಕಂಡದ್ದನ್ನು ತೋರಿಸಲು ಯಾರ ಅಪ್ಪಣೆ ಬೇಕು?

ಬೇಕಿತ್ತು, ಅಲ್ಲೇ ಹೆದರಿಕೆ. ಕೆಟ್ಟ ಹೆಸರಿನ ಸಾಲು ಒಪ್ಪಂದದಲ್ಲಿತ್ತಲ್ಲ. ಗೆಳೆಯನೊಬ್ಬ ವಕೀಲ, ಅವನ ಹತ್ತಿರ ಕೇಳಿದೆವು. ಅವನು ಹೇಳಿದ್ದು ಇಷ್ಟು: ಮೊದಲು ಕಂಪನಿಗೆ ಬರಹದಲ್ಲಿ ತಿಳಿಸಿ, ಏಳು ದಿನ ಕೊಡಿ. ವಿಡಿಯೊದಲ್ಲಿ ಬೈಗುಳ ಬೇಡ, "ಮೋಸ" ಅನ್ನುವ ಶಬ್ದ ಬೇಡ. ಬಿಚ್ಚಿ ತೋರಿಸಿ, ಏನು ಕಾಣುತ್ತದೋ ಅದನ್ನು ಹೇಳಿ. ಮೂರನೇ ಕಂತು ಬರುವುದಿಲ್ಲ ಅಂತ ಈಗಲೇ ಅಂದುಕೊಳ್ಳಿ.

ಮನೆಯಲ್ಲಿ ಅವನ ಅಮ್ಮ ಮಾತ್ರ ಬೇರೆ ಮಾತು ಹೇಳಿದರು. "ಅವರ ಉಪ್ಪು ತಿಂದಿದ್ದಿ ಮಗ, ಋಣ ಅಂತ ಒಂದು ಉಂಟು." ಅವನು ಅದನ್ನು ತಲೆಗೆ ಹಚ್ಚಿಕೊಂಡ. ಆ ರಾತ್ರಿ ಒಂದು ಗಂಟೆಗೆ ನನಗೆ ಫೋನು ಮಾಡಿ, "212 ಜನರ ಉಪ್ಪೂ ತಿಂದಿದ್ದೇನಲ್ವಾ" ಅಂದ. ಬೆಳಿಗ್ಗೆ ಕಂಪನಿಗೆ ಪತ್ರ ಹೋಯಿತು.

ಮೊದಲು ಬಂದದ್ದು ಬೆದರಿಕೆ, ಕೊಟ್ಟ ಹಣ ವಾಪಸ್ ಕೊಡಬೇಕಾಗುತ್ತದೆ ಅಂತ. ಐದನೇ ದಿನ ಧ್ವನಿ ಇಳಿಯಿತು. ಬಿಲ್ ಇದ್ದು ವಾರಂಟಿ ಇದ್ದವರಿಗೆ ಬದಲಿ ಕೊಡುತ್ತೇವೆ ಅಂದರು, ಕೊಟ್ಟರು ಕೂಡ. ಬಿಲ್ ಕಳೆದುಕೊಂಡವರಿಗೆ ಏನೂ ಸಿಗಲಿಲ್ಲ. ಮೂರನೇ ಕಂತು ಬರಲಿಲ್ಲ.

ಎಂಟನೇ ದಿನ ವಿಡಿಯೊ ಹಾಕಿದೆವು, 11 ನಿಮಿಷ. ಶುರುವಿನಲ್ಲೇ ಆ 40 ಸೆಕೆಂಡು, ಕತ್ತರಿ ಇಲ್ಲದೆ. ಆಮೇಲೆ ಅವನು ಕ್ಯಾಮೆರಾ ನೋಡಿ, "ಇದು ನಾಲ್ಕು ತಿಂಗಳ ಹಿಂದೆ ನಿಮಗೆ ತೋರಿಸಬೇಕಿತ್ತು, ತೋರಿಸಲಿಲ್ಲ, ದುಡ್ಡು ತಗೊಂಡಿದ್ದೆ" ಅಂದ. ಉಳಿದದ್ದು ಅಣ್ಣನ ಕೈ ಮತ್ತು ಪೇಪರು. ಕೋಡಿನಿಂದ ಬಂದಿದ್ದ ಕಮಿಷನ್ ರೀಲಿಗೆ 140ರ ಹಾಗೆ 29,680 ರೂಪಾಯಿ. ಆ ಹಣ ಮುಗಿಯುವವರೆಗೆ ಯಾರು ತಂದರೂ ಅಣ್ಣ ಬಿಚ್ಚಿ, ಒರೆಸಿ, ರಬ್ಬರ್ ಉಂಗುರ ಹಾಕಿ ಕೊಡುತ್ತಾರೆ ಅಂತ ಹೇಳಿದೆವು. ಅರವತ್ತಕ್ಕೂ ಹೆಚ್ಚು ರೀಲ್ ಬಂದವು. ಕಾಲೇಜು ಹುಡುಗನದ್ದೂ ಬಂತು.

ಇದರಿಂದ ಚಾನೆಲ್ ಮೇಲೆದ್ದಿತು ಅಂತ ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಒಂದೂವರೆ ಸಾವಿರ ಚಂದಾದಾರರು ಹೋದರು. ಮಾತುಕತೆಯಲ್ಲಿದ್ದ ಇನ್ನೊಂದು ಕಂಪನಿ ಫೋನು ಎತ್ತುವುದನ್ನು ಬಿಟ್ಟಿತು. ಮಾರ್ಚಿನಲ್ಲಿ ಮತ್ತೊಂದು ಏಟು: ಬಿಟ್ಟಿ ಸಿಕ್ಕ ರಾಡು-ರೀಲುಗಳ ಬೆಲೆಗೂ ಕಂಪನಿ ತೆರಿಗೆ ಮುರಿದುಕೊಂಡಿತ್ತು. ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸೌಲಭ್ಯ ಸಿಕ್ಕರೆ ನೂರಕ್ಕೆ 10 ಮುರಿಯಬೇಕು ಅನ್ನುವ ನಿಯಮ 2022ರ ಜುಲೈ 1ರಿಂದ ಇತ್ತು. ಸಾಮಾನು ಪರೀಕ್ಷಿಸಿ ವಾಪಸ್ ಕೊಟ್ಟರೆ ಅದು ಸೌಲಭ್ಯದ ಲೆಕ್ಕಕ್ಕೆ ಬರುವುದಿಲ್ಲ. ಇಟ್ಟುಕೊಂಡರೆ ಬರುತ್ತದೆ. ನಮಗೆ ಇಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಲೆಕ್ಕದಲ್ಲಿ ಮುಖ್ಯ ತಿರುವು ಎರಡು. ಒಂದು, ಕೂಪನ್ ಕೋಡಿಗೆ ಹೂಂ ಅಂದದ್ದು. ವಿಡಿಯೊಗೆ ಇಷ್ಟು ಅಂತ ದುಡ್ಡು ತಗೊಂಡರೆ ಕೆಲಸ ಅಲ್ಲಿಗೆ ಮುಗಿಯುತ್ತದೆ. ಮಾರಿದ ಪ್ರತಿ ರೀಲಿಗೂ ದುಡ್ಡು ಬರುವಾಗ ದೂರುವ ಒಂದೊಂದು ಕಮೆಂಟೂ ಕಿಸೆಗೆ ಕತ್ತರಿ ಅನ್ನಿಸಲು ಶುರುವಾಗುತ್ತದೆ. ಮರೆಮಾಡಿ ಅಂದಾಗ ನಾವು ಅಷ್ಟು ಸುಲಭವಾಗಿ ಮರೆಮಾಡಿದ್ದು ಅದಕ್ಕೇ. ಇನ್ನೊಂದು, ಎಡಿಟಿಂಗ್ ಟೇಬಲ್. ಒಪ್ಪಂದದಲ್ಲಿ ಏನೇ ಇರಲಿ, ಆ ತುಣುಕನ್ನು ತೆಗೆಯಿರಿ ಅಂತ ಕಂಪನಿ ಹೇಳಿರಲೇ ಇಲ್ಲ. ಅವರು ಹೇಳುವ ಮೊದಲೇ ನಾವೇ ತೆಗೆದಿದ್ದೆವು.

ಈಗ ಹುಡುಗ ಒಪ್ಪಂದ ಬಂದರೆ ತನ್ನದೇ ಒಂದು ಹಾಳೆ ಕಳಿಸುತ್ತಾನೆ, ಕನ್ನಡದಲ್ಲಿ. ಒಂದು ಮಳೆಗಾಲ ಅಥವಾ 60 ದಿನ ಬಳಸಿದ ಮೇಲೆ ವಿಡಿಯೊ. ಕೋಡ್ ಬೇಡ. ಕೆಟ್ಟರೆ ತೋರಿಸುತ್ತೇನೆ, ನೀವು ಸರಿ ಮಾಡಿಕೊಟ್ಟರೆ ಅದನ್ನೂ ತೋರಿಸುತ್ತೇನೆ. ಪೆಟ್ಟಿಗೆ ಮೇಲಿನ ಸಂಖ್ಯೆ ಹೇಳುವುದಿಲ್ಲ, ತಕ್ಕಡಿ ತೋರಿಸಿದ್ದನ್ನು ಹೇಳುತ್ತೇನೆ. ದುಡ್ಡು ತಗೊಂಡಿದ್ದೇನೆ ಅನ್ನುವುದನ್ನು ವಿಡಿಯೊ ಶುರುವಿನಲ್ಲೇ ಬಾಯಿಬಿಟ್ಟು ಹೇಳುತ್ತಾನೆ, ಮೂಲೆಯ ಸಣ್ಣ ಇಂಗ್ಲಿಷ್ ಅಕ್ಷರ ಯಾರೂ ಓದುವುದಿಲ್ಲ. ಈ ಹಾಳೆ ನೋಡಿ ಹೆಚ್ಚಿನವರು ಮಾಯ ಆಗುತ್ತಾರೆ. ಒಪ್ಪಿದವರು ಇಲ್ಲಿಯವರೆಗೆ ಇಬ್ಬರು, ಅದರಲ್ಲಿ ಒಬ್ಬರು ಹಿಂದೆ ದಪ್ಪ ಕೊಕ್ಕೆ ಹಾಕಿ ಕಳಿಸಿದವರೇ.

ಹೋದ ತಿಂಗಳು ಮತ್ತೆ ಒಂದು "ಹಾಯ್ ಬ್ರೋ" ಬಂತು. ಹೊಸ ರಾಡ್, ಒಳ್ಳೆ ಮೊತ್ತ, ವಿಡಿಯೊ ಎರಡು ವಾರದಲ್ಲಿ ಬೇಕು. ಅವನು ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದ, ನಕ್ಕ, ಆಮೇಲೆ ಟೈಪ್ ಮಾಡಿದ: "ಮಳೆಗಾಲ ಕಳೆಯಲಿ, ಆಮೇಲೆ ಹೇಳ್ತೇನೆ." ಎರಡು ನೀಲಿ ಗೆರೆ ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ.